ಶಿಂಕು ಲಾದ ಜಲ್ಲಿ ಹಾದಿ: ಡಾಂಬರು ಯಾರಿಗೆ, ದೂಳು ಯಾರಿಗೆ?

2024ರ ಜುಲೈ 26. ಕಾರ್ಗಿಲ್ ವಿಜಯದ ಇಪ್ಪತ್ತೈದನೆಯ ವರ್ಷಾಚರಣೆಗೆಂದು ದ್ರಾಸ್‌ಗೆ ಬಂದಿದ್ದ ಪ್ರಧಾನಿ ನರೇಂದ್ರ ಮೋದಿ ಅಲ್ಲಿಂದಲೇ ಶಿಂಕು ಲಾ ಸುರಂಗದ ಮೊದಲ ಸ್ಫೋಟಕ್ಕೆ ಚಾಲನೆ ನೀಡಿದರು. ಹಿಮಾಚಲದ ಲಾಹೌಲ್ ಕಣಿವೆಯನ್ನು ಲಡಾಖ್‌ನ ಝಂಸ್ಕಾರ್ ಕಣಿವೆಗೆ ಬೆಸೆಯುವ ಈ ಜೋಡಿ ಸುರಂಗದ ಉದ್ದ 4.1 ಕಿ.ಮೀ., ಸಮುದ್ರಮಟ್ಟದಿಂದ ಎತ್ತರ ಸುಮಾರು 15,800 ಅಡಿ, ಅಂದಾಜು ವೆಚ್ಚ 1,681 ಕೋಟಿ ರೂಪಾಯಿ. ಸೈನ್ಯಕ್ಕೆ ವರ್ಷವಿಡೀ ತೆರೆದಿರುವ ದಾರಿ, ಝಂಸ್ಕಾರಿಗಳಿಗೆ ಚಳಿಗಾಲದಲ್ಲೂ ಹೊರಜಗತ್ತಿನ ಸಂಪರ್ಕ ಎಂಬ ಎರಡು ಪ್ರಯೋಜನಗಳನ್ನು ಅಂದಿನ ವರದಿಗಳೆಲ್ಲ ಎತ್ತಿ ಹೇಳಿದವು. ಅದು ನ್ಯಾಯವೇ.

ಆದರೆ ಈ ಸುದ್ದಿಯನ್ನು ಸಂತಾಪ ಸೂಚಕದಂತೆ ಓದಿದ ಒಂದು ಸಣ್ಣ ಬಳಗವೂ ಇದೆ. ಅವರು ಸೈಕಲ್ ಸವಾರರು. ಇನ್ನೂ ನಿಖರವಾಗಿ ಹೇಳಬೇಕೆಂದರೆ, ಡಾಂಬರು ಕಾಣದ ಬೆಟ್ಟದ ಹಾದಿಗಳನ್ನು ಹುಡುಕಿಕೊಂಡು ಹೋಗುವ ‘ಗ್ರಾವೆಲ್ ಬೈಕ್’ ಸವಾರರು. ಬೆಂಗಳೂರು, ಪುಣೆ, ದೆಹಲಿಗಳಿಂದ ಸೈಕಲ್ಲನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ವಿಮಾನಕ್ಕೋ ಬಸ್ಸಿಗೋ ಹೇರಿ ಹಿಮಾಲಯಕ್ಕೆ ಹೊರಡುವ ಇವರ ಪಾಲಿಗೆ ದಾರ್ಚಾದಿಂದ ಶಿಂಕು ಲಾ ದಾಟಿ ಪದುಮ್‌ಗೆ ಇಳಿಯುವ ಜಲ್ಲಿ ಹಾದಿ ಒಂದು ಸ್ವರ್ಗ. ಆ ಸ್ವರ್ಗಕ್ಕೆ ಈಗ ಡಾಂಬರು ಬೀಳುತ್ತಿದೆ. ‘ಇನ್ನು ಅಲ್ಲಿ ಉಳಿದದ್ದೇನು’ ಎಂಬುದು ಅವರ ಕೊರಗು.

ಈ ಕೊರಗನ್ನು ಉಳ್ಳವರ ಹುಚ್ಚಾಟವೆಂದು ತಳ್ಳಿಹಾಕುವುದು ಸುಲಭ. ಅದನ್ನೇ ಪರಿಸರ ಕಾಳಜಿಯೆಂದು ಹಾರ ಹಾಕಿ ಮೆರೆಸುವುದೂ ಅಷ್ಟೇ ಸುಲಭ. ಎರಡೂ ತಪ್ಪಾದೀತು. ಒಂದು ಹಾದಿಯ ಒಡೆತನ ಯಾರದು, ಅದು ಒರಟಾಗಿ ಉಳಿಯಬೇಕೋ ನುಣುಪಾಗಬೇಕೋ ಎಂದು ತೀರ್ಮಾನಿಸುವ ಹಕ್ಕು ಯಾರದು ಎಂಬ ನಿಜವಾದ ಪ್ರಶ್ನೆಯೊಂದು ಇದರೊಳಗೆ ಅಡಗಿದೆ.

ಇಷ್ಟಕ್ಕೂ ಏನಿದು ಗ್ರಾವೆಲ್ ಬೈಕ್? ನೋಡಲು ರೇಸಿಂಗ್ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್ಲು, ಹಗುರವಾದ ಚೌಕಟ್ಟು. ಆದರೆ ಟೈರು ಮಾತ್ರ 40ರಿಂದ 50 ಮಿಲಿಮೀಟರ್ ಅಗಲ. ಗಾಳಿಯ ಒತ್ತಡ ಕಡಿಮೆ. ಟ್ಯೂಬಿನ ಬದಲು ಟೈರಿನೊಳಗೆ ಅಂಟುದ್ರವ, ಮುಳ್ಳು ಚುಚ್ಚಿದರೆ ತೂತು ತಾನೇ ಮುಚ್ಚಿಕೊಳ್ಳಬೇಕು. ಕಡಿದಾದ ಏರಿಗೆ ತೀರಾ ಸಣ್ಣ ಗೇರು, ಇಳಿಜಾರಿಗೆ ಡಿಸ್ಕ್ ಬ್ರೇಕು. ಡೇರೆ, ಮಲಗುವ ಚೀಲ, ಒಲೆ ಎಲ್ಲವನ್ನೂ ಚೌಕಟ್ಟಿಗೇ ಬಿಗಿದು ಕಟ್ಟಬಹುದು. ಮೌಂಟನ್ ಬೈಕಿನಂತೆ ಬಂಡೆಗಳ ಮೇಲಿಂದ ಹಾರಲಾರದು, ರಸ್ತೆ ಸೈಕಲ್ಲಿನಂತೆ ಓಡಲಾರದು. ಅಂದರೆ, ‘ಕಚ್ಚಾ ರಸ್ತೆ’ ಎಂದು ಸರ್ಕಾರಿ ಕಡತಗಳು ಕರೆಯುವ ದಾರಿಗೆಂದೇ ಹುಟ್ಟಿದ ವಾಹನ.

ಇದರ ಜನನ ಅಮೆರಿಕದಲ್ಲಿ. ಕ್ಯಾನ್ಸಸ್ ಪ್ರಾಂತ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಬೆರಳೆಣಿಕೆಯ ಹವ್ಯಾಸಿಗಳು ಹೊಲಗಳ ನಡುವಿನ ಜಲ್ಲಿ ರಸ್ತೆಗಳಲ್ಲಿ 200 ಮೈಲಿ ತುಳಿದರು. ಇಂದು ‘ಅನ್‌ಬೌಂಡ್’ ಎಂಬ ಹೆಸರಿನಲ್ಲಿ ಅದಕ್ಕೆ ಸಾವಿರಾರು ಮಂದಿ ಬರುತ್ತಾರೆ. ಕಿರ್ಗಿಸ್ತಾನದ ಪರ್ವತಗಳಲ್ಲಿ ಹೊರಗಿನ ಯಾವ ನೆರವೂ ಇಲ್ಲದೆ ಸುಮಾರು 1,700 ಕಿ.ಮೀ. ಸಾಗುವ ಸಿಲ್ಕ್ ರೋಡ್ ಮೌಂಟನ್ ರೇಸ್ ಆರಂಭವಾದದ್ದು 2018ರಲ್ಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2022ರಲ್ಲಿ ಇಟಲಿಯ ವೆನೆಟೊದಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ ಮೇಲೆ ಹವ್ಯಾಸಕ್ಕೆ ಅಧಿಕೃತ ಮುದ್ರೆಯೂ ಬಿತ್ತು. ನಮ್ಮಲ್ಲಿ ಶಿಮ್ಲಾದಿಂದ ಹೊರಡುವ ಮೌಂಟನ್ ಬೈಕ್ ಸ್ಪರ್ಧೆ 2005ರಿಂದ ಇದೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಕರ್ನಾಟಕದ ಎಷ್ಟೋ ಮಂದಿ ಐಟಿ ಉದ್ಯೋಗಿಗಳನ್ನು ಘಟ್ಟದ ಏರಿಗೆ ಒಗ್ಗಿಸಿದೆ. ವಾರಾಂತ್ಯದ ಮುಂಜಾವಿನಲ್ಲಿ ನಂದಿಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಡುವವರ ಪೈಕಿ ಹಲವರ ಕನಸು ಕೊನೆಗೆ ಹೋಗಿ ನಿಲ್ಲುವುದು ಹಿಮಾಲಯದಲ್ಲಿ.

ಹಾದಿ ಎಂಥದು?

ದಾರ್ಚಾ ಸುಮಾರು 3,300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಶಿಂಕು ಲಾ 5,000 ಮೀಟರ್ ದಾಟುತ್ತದೆ. ‘ಲಾ’ ಎಂದರೆ ಆ ಸೀಮೆಯ ಭಾಷೆಯಲ್ಲಿ ಎರಡು ಕಣಿವೆಗಳ ನಡುವಿನ ಕಂಡಿ. ಅಂದರೆ ನಂದಿಬೆಟ್ಟವನ್ನು ಬುಡದಿಂದ ಮೂರು ನಾಲ್ಕು ಬಾರಿ ಒಂದರ ಮೇಲೊಂದು ಪೇರಿಸಿಟ್ಟಷ್ಟು ಏರು. ಅದನ್ನು ಹತ್ತುವಾಗ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಮಂಗಳೂರಿನಲ್ಲಿ ಹದಿನೈದು ಕಿಲೋ ಸಾಮಾನು ಹೊತ್ತ ಸೈಕಲ್ಲನ್ನು ಹಾಡುತ್ತಾ ತುಳಿಯಬಲ್ಲ ಯುವಕ ಇಲ್ಲಿ ಐವತ್ತು ಹೆಜ್ಜೆಗೊಮ್ಮೆ ಹ್ಯಾಂಡಲ್ಲಿನ ಮೇಲೆ ಹಣೆಯಿಟ್ಟು ನಿಲ್ಲುತ್ತಾನೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯ ಬಿಡಾರಕ್ಕೂ ಮರುರಾತ್ರಿಯ ಬಿಡಾರಕ್ಕೂ 500 ಮೀಟರ್‌ಗಿಂತ ಹೆಚ್ಚು ಅಂತರ ಬೇಡ ಎಂಬುದು ವೈದ್ಯರ ಸಾಮಾನ್ಯ ಸಲಹೆ. ರಜೆ ಎಣಿಸಿಕೊಂಡು ಬಂದ ನಗರವಾಸಿ ಮೊದಲು ಮುರಿಯುವುದು ಇದನ್ನೇ.

ಜಲ್ಲಿ ಎಂಬ ಒಂದೇ ಪದದಲ್ಲಿ ಅಡಗಿರುವ ಬಗೆಗಳನ್ನು ಅಲ್ಲಿ ಸೈಕಲ್ ತುಳಿದವರೇ ಬಲ್ಲರು. ಮುಷ್ಟಿಗಾತ್ರದ ಕಲ್ಲು ಹರಡಿದ ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ. ಲಾರಿಗಳು ಓಡಿಯೋಡಿ ರಸ್ತೆಯ ಮೇಲೆ ಮೂಡಿಸಿದ, ರಾಗಿ ಹೊಲದ ಸಾಲುಗಳಂಥ ಏರಿಳಿತಗಳ ಮೇಲೆ ಹೋದರೆ ಮಣಿಕಟ್ಟಿನಿಂದ ಹಲ್ಲಿನವರೆಗೆ ಎಲ್ಲವೂ ನಡುಗುತ್ತದೆ. ಇನ್ನು ನಾಲೆಗಳ ಕಥೆಯೇ ಬೇರೆ. ಮುಂಜಾನೆ ಪಾದ ಮುಳುಗುವಷ್ಟು ಹರಿಯುತ್ತಿದ್ದ ಹಿಮದ ನೀರು, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ದಾಟಿ ಸೆಳೆತ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ದಿನಚರಿಯನ್ನು ನಿರ್ಧರಿಸುವುದು ಸವಾರನ ಕಾಲುಬಲವಲ್ಲ, ಸೂರ್ಯ. ಹೊತ್ತು ಮೀರಿ ಬಂದವನು ನಾಲೆಯ ಈಚೆ ದಡದಲ್ಲೇ ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಕಾಯಬೇಕು.

ಇದೆಲ್ಲ ಸವಾರನ ಪಾಲಿಗೆ ಸಾಹಸ. ಆದರೆ ಅದೇ ನಾಲೆಯ ಆಚೆ ದಡದಲ್ಲಿ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಹೊತ್ತ ಜೀಪು ನಿಂತಿದ್ದರೆ? ಅದಕ್ಕೆ ಸಾಹಸವೆಂದು ಯಾರೂ ಹೆಸರಿಡುವುದಿಲ್ಲ.

ಮೇಮೆಯ ರಸ್ತೆ

ಝಂಸ್ಕಾರದ ಇತಿಹಾಸವೆಂದರೆ ದಾರಿಗಾಗಿ ಕಾದ ಇತಿಹಾಸ. ಕಾರ್ಗಿಲ್ ಕಡೆಯಿಂದ ಪೆನ್ಸಿ ಲಾ ಮೂಲಕ ಪದುಮ್‌ಗೆ ಬರುವ ರಸ್ತೆ ಹಿಮ ಬಿದ್ದೊಡನೆ ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿತ್ತು. ಉಳಿಯುತ್ತಿದ್ದ ಒಂದೇ ದಾರಿಯೆಂದರೆ ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲಣ ನಡಿಗೆ, ಅದೇ ‘ಚಾದರ್’. ಲೇಹ್‌ನಲ್ಲಿ ಓದುವ ಮಕ್ಕಳನ್ನು ತಂದೆಯರು ಆ ಹಿಮದ ಹಾಸಿನ ಮೇಲೆ ದಿನಗಟ್ಟಲೆ ನಡೆಸಿಕೊಂಡು ಹೋಗುತ್ತಿದ್ದರು. ಹೊರಗಿನವರ ಕಣ್ಣಿಗೆ ಬಿದ್ದ ಮೇಲೆ ಅದೇ ಚಾದರ್ ಹಣ ತೆತ್ತು ಮಾಡುವ ಚಾರಣವಾಯಿತು. ಒಬ್ಬರ ಅನಿವಾರ್ಯ ಇನ್ನೊಬ್ಬರ ಅನುಭವವಾಗಿ ಮಾರಾಟವಾಗುವುದು ಆ ಕಣಿವೆಗೆ ಹೊಸದೇನಲ್ಲ.

ಶಿಂಕು ಲಾದ ಹಾದಿಗೂ ಇಂಥದೇ ಮೂಲವಿದೆ. ಝಂಸ್ಕಾರದ ಸ್ತೊಂಗ್ದೆ ಗ್ರಾಮದ ಚುಲ್ತಿಮ್ ಚೊಂಜೋರ್ ಎಂಬ ಹಿರಿಯರು ಸರ್ಕಾರದ ರಸ್ತೆಗಾಗಿ ಕಾದು ಬೇಸತ್ತು, ತಮ್ಮ ಪಿತ್ರಾರ್ಜಿತ ಆಸ್ತಿಯನ್ನು ಮಾರಿ, ಬಂದ ಹಣದಲ್ಲಿ ಯಂತ್ರ ಕೊಂಡು, ರಾಮ್‌ಜಾಕ್‌ನಿಂದ ಕಾರ್ಗ್ಯಾಕ್‌ವರೆಗೆ 38 ಕಿ.ಮೀ. ಉದ್ದದ ದಾರಿಯನ್ನು ಕಡಿಸಿದರು. ಊರವರು ಪ್ರೀತಿಯಿಂದ ‘ಮೇಮೆ’, ಅಂದರೆ ಅಜ್ಜ, ಎಂದು ಕರೆಯುವ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಆಗ ಅವರ ವಯಸ್ಸು ಎಂಬತ್ತರ ಹತ್ತಿರ. ಮುಂದೆ ಗಡಿ ರಸ್ತೆಗಳ ಸಂಸ್ಥೆ ಈ ಮಾರ್ಗವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. 2024ರ ಮಾರ್ಚ್‌ನಲ್ಲಿ 298 ಕಿ.ಮೀ. ಉದ್ದದ ನಿಮ್ಮು–ಪದುಮ್–ದಾರ್ಚಾ ರಸ್ತೆಯ ತುದಿಗಳು ಕೂಡಿದವು. ಶ್ರೀನಗರ–ಲೇಹ್, ಮನಾಲಿ–ಲೇಹ್ ರಸ್ತೆಗಳ ನಂತರ ಲಡಾಖ್‌ಗೆ ಇದು ಮೂರನೆಯ ದಾರಿ. ನಡುವೆ ದಾಟಬೇಕಾದ ಎತ್ತರದ ಕಂಡಿ ಶಿಂಕು ಲಾ ಒಂದೇ.

ಹೀಗಿರುವಾಗ ‘ಡಾಂಬರು ಬಂದು ಹಾದಿ ಹಾಳಾಯಿತು’ ಎಂದು ಬೆಂಗಳೂರಿನ ಸವಾರ ಹೇಳಿದರೆ, ಆ ಅಜ್ಜನ ಎದುರು ನಿಂತು ಹೇಳಲು ಅವನಿಗೆ ಬಾಯಿ ಬಂದೀತೇ? ನಮ್ಮ ಮಲೆನಾಡಿನಲ್ಲೇ ನೋಡಿ. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕದ ಮೇಲೆ ಜೀವ ಬಿಗಿಹಿಡಿದು ಶಾಲೆಗೆ ಹೋಗುವ ಮಕ್ಕಳಿದ್ದಾರೆ; ರೋಗಿಯನ್ನು ಕಂಬಳಿಗೆ ಕಟ್ಟಿ ಹೊತ್ತೊಯ್ಯುವ ಚಿತ್ರಗಳು ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತವೆ. ಅದೇ ಕಾಲುಸಂಕದ ಮೇಲೆ ನಿಂತು ಫೋಟೊ ತೆಗೆಸಿಕೊಂಡು ‘ಇದು ಹೀಗೇ ಇರಲಿ’ ಎನ್ನುವ ಪ್ರವಾಸಿಯೂ ಇದ್ದಾನೆ. ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ದೂರದವರಿಗೆ ಅದು ಒರಟಾಗಿಯೇ ಇರಲಿ ಎಂದು ಅನ್ನಿಸುವ ಕಾಲ ಬಂದೀತೆಂದು ಅವರು ಎಣಿಸಿರಲಾರರು.

ಝಂಸ್ಕಾರಕ್ಕೆ ಒಳ್ಳೆಯ ರಸ್ತೆ ಬೇಕು. ಸುರಂಗವೂ ಬೇಕು. ಈ ಮಾತಿನಲ್ಲಿ ‘ಆದರೆ’ಗೆ ಎಡೆಯಿಲ್ಲ.

ಡಾಂಬರಿನ ಬೆನ್ನಿಗೆ ಬರುವುದೇನು?

ಹಾಗೆಂದು ಸವಾರರ ದೂರಿನಲ್ಲಿ ಹುರುಳೇ ಇಲ್ಲವೆಂದೂ ಅಲ್ಲ. ರಸ್ತೆ ನುಣುಪಾದ ಮೇಲೆ ಬರುವವರು ಯಾರು, ಅವರು ಬಿಟ್ಟುಹೋಗುವುದೇನು ಎಂಬುದಕ್ಕೆ ನೆರೆಯ ಲಾಹೌಲ್ ಉತ್ತರ ಕೊಡುತ್ತದೆ. 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆಯಿತು. ಅಲ್ಲಿಯವರೆಗೆ ವರ್ಷದ ಅರ್ಧಕಾಲ ಹಿಮದ ಗೋಡೆಯ ಹಿಂದೆ ಇರುತ್ತಿದ್ದ ಜನರಿಗೆ ಅದು ವರದಾನ. ಆಸ್ಪತ್ರೆ, ಮಾರುಕಟ್ಟೆ ಎರಡೂ ಹತ್ತಿರವಾದವು. ಜತೆಗೇ, ಬೆಳಿಗ್ಗೆ ಮನಾಲಿಯಲ್ಲಿ ತಿಂಡಿ ತಿಂದು, ಸುರಂಗ ದಾಟಿ, ಸಿಸ್ಸುವಿನಲ್ಲಿ ಫೋಟೊ ತೆಗೆಸಿಕೊಂಡು ಸಂಜೆಗೆ ಮರಳುವ ಕಾರುಗಳ ಸಾಲೂ ಬಂತು. ಅದಕ್ಕೂ ಮೊದಲೇ ರೋಹ್ತಾಂಗ್‌ಗೆ ಹೋಗುವ ಪ್ರವಾಸಿ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ದಿನದ ಮಿತಿ ಹೇರಬೇಕಾಗಿ ಬಂದಿತ್ತೆಂಬುದನ್ನು ಮರೆಯಬಾರದು.

ಕಾರಿನಲ್ಲಿ ಬರುವವನು ಒಂದೇ ದಿನದಲ್ಲಿ ಕಣಿವೆಯನ್ನು ದಾಟಿಹೋಗುತ್ತಾನೆ. ನಡುವಿನ ಹಳ್ಳಿಗಳು ಅವನಿಗೆ ಕಿಟಕಿಯ ಆಚೆಯ ನೋಟ ಮಾತ್ರ. ಸೈಕಲ್ಲಿನವನು ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಸಾಗಿದರೆ ಹೆಚ್ಚು. ಕಾರ್ಗ್ಯಾಕ್‌ನಲ್ಲೋ ಪುರ್ನೆಯಲ್ಲೋ ಉಳಿಯಲೇಬೇಕು, ಅಲ್ಲಿನ ಮನೆಯಲ್ಲಿ ಉಣ್ಣಲೇಬೇಕು. ಸಂಖ್ಯೆಯಲ್ಲಿ ಸಣ್ಣವರಾದರೂ ಇವರು ಕೊಡುವ ಹಣ ನೇರವಾಗಿ ಹಳ್ಳಿಯ ಅಡುಗೆಮನೆ ಸೇರುತ್ತದೆ. ಸವಾರರು ತಮ್ಮ ಪರವಾಗಿ ವಾದಿಸಬೇಕಿದ್ದರೆ ಹಿಡಿಯಬೇಕಾದ ಎಳೆ ಇದು; ‘ನಮ್ಮ ಸಾಹಸ ಕೆಟ್ಟಿತು’ ಎಂಬುದಲ್ಲ.

ಈ ವಾದವನ್ನು ಹಿಡಿದು ಗೆದ್ದ ಉದಾಹರಣೆ ಇಟಲಿಯಲ್ಲಿದೆ. ಟಸ್ಕನಿಯ ಬಿಳಿ ಜಲ್ಲಿಯ ಹಳ್ಳಿರಸ್ತೆಗಳು ಒಂದೊಂದಾಗಿ ಡಾಂಬರಿನಡಿ ಕಾಣೆಯಾಗುತ್ತಿದ್ದಾಗ, ಅವನ್ನು ಉಳಿಸಬೇಕೆಂಬ ಹಟದಿಂದ ಜಿಯಾನ್‌ಕಾರ್ಲೊ ಬ್ರೋಚಿ ಎಂಬವರು 1997ರಲ್ಲಿ ‘ಲೆರೋಯಿಕಾ’ ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಹಳೆಯ ಸೈಕಲ್, ಹಳೆಯ ಉಣ್ಣೆಯ ಅಂಗಿ, ಹಳೆಯ ರಸ್ತೆ. ಅದರ ಬೆನ್ನಿಗೆ 2007ರಲ್ಲಿ ಹುಟ್ಟಿದ ‘ಸ್ತ್ರಾದೆ ಬಿಯಾಂಕೆ’, ಅಂದರೆ ಬಿಳಿ ರಸ್ತೆಗಳು, ಇಂದು ವೃತ್ತಿಪರ ಸೈಕ್ಲಿಂಗ್‌ನ ಪ್ರತಿಷ್ಠಿತ ಸ್ಪರ್ಧೆಗಳಲ್ಲೊಂದು. ಆಲ್ಪ್ಸ್‌ನ ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಕಂಡಿಯ ಕೊನೆಯ ಸುಮಾರು 8 ಕಿ.ಮೀ. ಇಂದಿಗೂ ಜಲ್ಲಿಯೇ. ಜಿರೊ ದಿಟಾಲಿಯಾ 2005ರಿಂದ ಅಲ್ಲಿಗೆ ಹಲವು ಬಾರಿ ಬಂದಿದೆ. 2018ರಲ್ಲಿ ಕ್ರಿಸ್ ಫ್ರೂಮ್, 2025ರಲ್ಲಿ ಸೈಮನ್ ಯೇಟ್ಸ್ ಇಡೀ ಸ್ಪರ್ಧೆಯ ದಿಕ್ಕನ್ನೇ ಬದಲಿಸಿದ್ದು ಆ ಏರಿನಲ್ಲಿ. ಸ್ವಿಟ್ಜರ್ಲೆಂಡ್‌ನ ಗೊಟ್ಟಾರ್ಡ್‌ನಲ್ಲಿ 1980ರಲ್ಲಿ ವಾಹನಗಳ ಸುರಂಗ ತೆರೆದ ಮೇಲೂ ಕಲ್ಲು ಹಾಸಿದ ಹಳೆಯ ಟ್ರೆಮೋಲಾ ರಸ್ತೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವಸರದವರು ಸುರಂಗದಲ್ಲಿ, ಬಿಡುವಿದ್ದವರು ಬೆಟ್ಟದ ಮೇಲೆ.

ಟಸ್ಕನಿಯ ಹಳ್ಳಿಗನಿಗೆ ಹತ್ತಿರದಲ್ಲೇ ಬೇರೊಂದು ಡಾಂಬರು ರಸ್ತೆಯಿದೆ, ಆಸ್ಪತ್ರೆಯಿದೆ, ಕಾರ್ಗ್ಯಾಕ್‌ನವನಿಗಿಲ್ಲ. ಆದ್ದರಿಂದ ಇಟಲಿಯ ಪಾಠವನ್ನು ಇಡಿಯಾಗಿ ಹಿಮಾಲಯಕ್ಕೆ ಹೊತ್ತು ತರಲಾಗದು. ಆದರೆ ಗೊಟ್ಟಾರ್ಡ್‌ನ ಪಾಠವನ್ನು ತರಬಹುದು. ಸುರಂಗ ಮುಗಿದ ದಿನ ವಾಹನಗಳೆಲ್ಲ ಅದರೊಳಗೆ ಇಳಿಯುತ್ತವೆ. ಆಗ ಸುರಂಗದ ಎರಡು ಬಾಯಿಗಳ ನಡುವೆ ಶಿಂಕು ಲಾದ ನೆತ್ತಿಯವರೆಗೆ ಏರಿ ಇಳಿಯುವ ಹಳೆಯ ಹಾದಿಯ ಗತಿಯೇನು? ಊರವರಿಗೆ ಅದರ ಅಗತ್ಯ ಕಡಿಮೆಯಾಗಿರುತ್ತದೆ. ಹಾಗಾಗಿ ಆ ತುಂಡನ್ನು ಜಲ್ಲಿಯಾಗಿಯೇ ಉಳಿಸಿ, ಮೋಟಾರು ವಾಹನಗಳನ್ನು ಹೊರಗಿಟ್ಟು, ಸೈಕಲ್ ಮತ್ತು ಕಾಲ್ನಡಿಗೆಗೆ ಬಿಡಬಹುದು. ಯಾರ ಹೊಟ್ಟೆಯ ಮೇಲೂ ಹೊಡೆಯದೆ ಸವಾರರಿಗೆ ಸಿಗಬಹುದಾದ ಹಾದಿ ಅದೊಂದೇ.

ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಜಲ್ಲಿ ರಸ್ತೆಯೆಂದರೆ ಸುಮ್ಮನೆ ಬಿಟ್ಟುಬಿಟ್ಟ ರಸ್ತೆ ಎಂಬುದು ತಪ್ಪು ಕಲ್ಪನೆ. ಬದಿಯ ಚರಂಡಿ ಕಟ್ಟಿಕೊಂಡರೆ ಹಿಮದ ನೀರು ರಸ್ತೆಯ ಮೇಲೇ ಹರಿದು ಕೊರಕಲು ತೋಡುತ್ತದೆ. ತಡೆಗೋಡೆಯ ಒಂದು ಕಲ್ಲು ಸರಿದರೆ ಮರುವರ್ಷ ಹತ್ತು ಅಡಿ ರಸ್ತೆಯೇ ಇರುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಹಿಮ ತೆಗೆದು, ಕಲ್ಲು ಸರಿಸಿ, ಮೋರಿ ಬಿಡಿಸುವ ಕೈಗಳು ಬೇಕು. ಸೈನ್ಯಕ್ಕೆ ಬೇಡವಾದ ರಸ್ತೆಗೆ ಗಡಿ ರಸ್ತೆಗಳ ಸಂಸ್ಥೆ ಹಣ ಸುರಿಯುವ ಸಂಭವ ಕಡಿಮೆ. ಹಣ ಎಲ್ಲಿಂದ? ಸವಾರರಿಂದಲೇ ಶುಲ್ಕ ಪಡೆದು ಕಂಡಿಯ ಎರಡೂ ಬದಿಯ ಹಳ್ಳಿಗಳಿಗೆ ಆ ಹಣವನ್ನೂ ಕೆಲಸವನ್ನೂ ವಹಿಸಬಹುದು. ಲಕ್ಷ ರೂಪಾಯಿಯ ಸೈಕಲ್ ಕೊಂಡವರು ಹಾದಿಗೆ ಕೆಲವು ನೂರು ಕೊಡಲು ಗೊಣಗಬಾರದು.

ಇನ್ನೊಂದು ಸಂಗತಿ ಕರ್ನಾಟಕದ ಓದುಗರಿಗೆ ಹೆಚ್ಚು ನೋವಿನದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋಗಿದ್ದ ನಮ್ಮ ರಾಜ್ಯದ ತಂಡ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹದಿಮೂರು ಮಂದಿಯನ್ನು ರಕ್ಷಿಸಲಾಯಿತು; ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಧಾವಿಸಿ ಉಸ್ತುವಾರಿ ನೋಡಿಕೊಳ್ಳಬೇಕಾಯಿತು. ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ಸ್ಪಿತಿ ಸೀಮೆಯ ಚಂದ್ರತಾಲ್ ಬಳಿ ಸುಮಾರು ಮುನ್ನೂರು ಪ್ರವಾಸಿಗರು ಹಿಮದಲ್ಲಿ ಸಿಲುಕಿ, ಕುಂಜುಮ್ ಕಂಡಿಯ ಹಿಮವನ್ನು ತೆರವುಗೊಳಿಸಿ ಅವರನ್ನು ಹೊರತರಬೇಕಾಯಿತು. ಸಹಸ್ತ್ರತಾಲ್‌ಗೆ ಹೋದವರದು ತಂಡ; ಹೊರಟ ಪಟ್ಟಿ ಇತ್ತು, ಮಾರ್ಗದರ್ಶಕರಿದ್ದರು. ಗ್ರಾವೆಲ್ ಸವಾರನೋ ಹಲವು ಬಾರಿ ಒಬ್ಬಂಟಿ. ಯಾರ ನೆರವೂ ಇಲ್ಲದೆ ಸಾಗುವುದೇ ಆ ಹವ್ಯಾಸದ ಹೆಮ್ಮೆ. ಮೊಬೈಲ್ ಸಂಪರ್ಕ ಸಿಗದ ಕಣಿವೆಯಲ್ಲಿ ಅವನು ಬಿದ್ದರೆ ಮೊದಲು ತಲುಪುವವನು ಸೈನಿಕನೋ, ರಸ್ತೆ ಕೆಲಸದ ಕೂಲಿಯಾಳೋ, ಕುರಿ ಕಾಯುವವನೋ ಆಗಿರುತ್ತಾನೆ. ಹಾದಿಯನ್ನು ಸವಾರರಿಗೆಂದೇ ಉಳಿಸಿಕೊಡುವುದಾದರೆ, ಎರಡೂ ಬದಿಯಲ್ಲಿ ಹೆಸರು ಬರೆಸಿ ಹೋಗುವ, ನಿಗದಿತ ದಿನ ಆಚೆ ಬದಿ ತಲುಪದಿದ್ದರೆ ಹುಡುಕಲು ಹೊರಡುವ ಏರ್ಪಾಡು ಆ ಶುಲ್ಕದ ಹಣದಲ್ಲೇ ಆಗಬೇಕು.

ಇದನ್ನೆಲ್ಲ ತೀರ್ಮಾನಿಸಬೇಕಾದವರು ಬೆಂಗಳೂರಿನಲ್ಲಾಗಲಿ ದೆಹಲಿಯಲ್ಲಾಗಲಿ ಇಲ್ಲ. ಝಂಸ್ಕಾರವನ್ನು ಪ್ರತ್ಯೇಕ ಜಿಲ್ಲೆಯಾಗಿಸುವ ನಿರ್ಧಾರವನ್ನು ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ತಮ್ಮ ನೆಲದ ಬಗ್ಗೆ ತಮ್ಮ ಮಾತು ನಡೆಯಬೇಕೆಂಬ ಲಡಾಖಿಗಳ ಬೇಡಿಕೆ ಎಷ್ಟು ತೀವ್ರವಾಗಿದೆಯೆಂಬುದು 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ನಾಲ್ವರು ಬಲಿಯಾದಾಗ ದೇಶಕ್ಕೆ ಗೊತ್ತಾಯಿತು. ಕಂಡಿಯ ಹಳೆಯ ಹಾದಿ ಸೈಕಲ್ಲಿಗೋ, ಕುರಿಮಂದೆಗೋ, ಇಲ್ಲವೇ ಮತ್ತೆ ಹಿಮಕ್ಕೋ ಎಂದು ಹೇಳಬೇಕಾದವರು ಒಂದು ಕಡೆ ಕಾರ್ಗ್ಯಾಕ್, ಇನ್ನೊಂದು ಕಡೆ ದಾರ್ಚಾದ ಜನ. ಸುರಂಗದ ಕಾಮಗಾರಿ ಮುಗಿದು ಯಂತ್ರಗಳು ಬೆಟ್ಟ ಇಳಿದ ಮೇಲೆ ಅವರನ್ನು ಕೇಳುವುದರಲ್ಲಿ ಅರ್ಥವಿಲ್ಲ. ಎರಡು ಮೂರು ಚಳಿಗಾಲ ಕಳೆದರೆ ಕೇಳಲು ಅಲ್ಲಿ ಹಾದಿಯೇ ಇರುವುದಿಲ್ಲ.